ತಣಿದ ಬಾಯಾರಿಕೆಯ ಸಾಕ್ಷ್ಯ: ಬಂಗಾಳದ ಅಂತರ್ಜಲ ಮತ್ತು ಪ್ರಮಾಣವಿಚಾರ

ಒಂದು ಜ್ಞಾನವು ಯಥಾರ್ಥವೆಂದು ನಿಶ್ಚಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಪ್ರಾಮಾಣ್ಯವಾದವೆಂಬ ಹೆಸರಿನಲ್ಲಿ ಚರ್ಚಿಸಿವೆ. ಬಾಧಕವಾದ ಇನ್ನೊಂದು ಜ್ಞಾನ ಹುಟ್ಟುವವರೆಗೆ ಜ್ಞಾನವು ತನ್ನಿಂದ ತಾನೇ ಪ್ರಮಾಣವೆಂದು ಮೀಮಾಂಸಕರು ಹೇಳಿದರೆ, ಅದರ ಯಥಾರ್ಥತೆ ಬೇರೊಂದರಿಂದ ಸಿದ್ಧವಾಗಬೇಕೆಂದು ನೈಯಾಯಿಕರು ವಾದಿಸುತ್ತಾರೆ. ಆ ಬೇರೊಂದು ಪ್ರವೃತ್ತಿಯ ಸಾಫಲ್ಯ, ಅಂದರೆ ತಿಳಿವನ್ನು ನಂಬಿ ಮಾಡಿದ ಕ್ರಿಯೆ ಫಲ ಕೊಡುವುದು. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬ ಸಂಶಯ, ಕುಡಿದು ಬಾಯಾರಿಕೆ ತಣಿದಾಗ ನಿವಾರಣೆಯಾಗುತ್ತದೆ.

ಗಂಗಾ, ಬ್ರಹ್ಮಪುತ್ರಾ, ಮೇಘನಾ ನದಿಗಳ ಮುಖಜಭೂಮಿಯಲ್ಲಿ ಈ ನಿದರ್ಶನವೇ ಕಠಿಣ ಪರೀಕ್ಷೆಗೆ ಒಳಗಾಯಿತು. ಕೊಳಗಳ ನೀರಿನಿಂದ ಹರಡುತ್ತಿದ್ದ ಕಾಲರಾ ಮತ್ತು ಅತಿಸಾರವನ್ನು ತಡೆಯಲು ಬಾಂಗ್ಲಾದೇಶದ ಸರ್ಕಾರ ಹಾಗೂ ಯುನಿಸೆಫ್ 1970ರ ದಶಕದಲ್ಲಿ ಕೈಪಂಪಿನ ಕೊಳವೆಬಾವಿಗಳನ್ನು ಪ್ರೋತ್ಸಾಹಿಸಿದವು. ನೀರು ತಿಳಿಯಾಗಿತ್ತು, ಬಾಯಾರಿಕೆಯೂ ತಣಿಯಿತು. ಆದರೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಆರ್ಸೆನಿಕ್ ಅದರಲ್ಲಿ ಕರಗಿತ್ತು. ಅದರಿಂದಾದ ಚರ್ಮರೋಗ ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಗುರುತಿಸಲ್ಪಟ್ಟರೆ, ಬಾಂಗ್ಲಾದೇಶದ ಬಾವಿಗಳಲ್ಲಿ ಈ ವಿಷ 1993ರಲ್ಲಿ ಪತ್ತೆಯಾಯಿತು.

ಈ ವಿಷವನ್ನು ಯಾರೂ ಸುರಿದದ್ದಲ್ಲ. ಹಿಮಾಲಯದಿಂದ ಬಂದ ಮೆಕ್ಕಲಿನ ಕಣಗಳ ಮೇಲಿನ ಕಬ್ಬಿಣದ ಆಕ್ಸೈಡ್ ಲೇಪ ಆರ್ಸೆನಿಕ್ಕನ್ನು ಹಿಡಿದಿಟ್ಟಿರುತ್ತದೆ. ಆಮ್ಲಜನಕವಿಲ್ಲದ ಪದರಗಳಲ್ಲಿ ಸಾವಯವ ವಸ್ತುವನ್ನು ಅವಲಂಬಿಸಿ ಬದುಕುವ ಸೂಕ್ಷ್ಮಜೀವಿಗಳು ಆ ಲೇಪವನ್ನು ಕರಗಿಸಿದಾಗ ಆರ್ಸೆನಿಕ್ ನೀರಿಗೆ ಸೇರುತ್ತದೆ. ಲೀಟರಿಗೆ 10 ಮೈಕ್ರೋಗ್ರಾಂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ, 50 ಬಾಂಗ್ಲಾದೇಶದ ಮಿತಿ. 1998–99ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳ ಪೈಕಿ ಶೇಕಡಾ 27ರಷ್ಟು ಈ ಎರಡನೆಯ ಮಿತಿಯನ್ನೂ ಮೀರಿದ್ದವು.

ಹಾಗಾದರೆ ಇಲ್ಲಿ ನ್ಯಾಯಮತ ಸೋತಿತೆ? ಸೋತಿಲ್ಲ, ಬಾಯಾರಿಕೆಯ ತಣಿವು ‘ಇದು ನೀರು’ ಎಂಬ ಜ್ಞಾನವನ್ನು ಮಾತ್ರ ಸಿದ್ಧಪಡಿಸಿತು, ‘ಇದು ಹಿತಕರ’ ಎಂಬುದನ್ನಲ್ಲ. ಎರಡನೆಯದರ ಫಲ ತೋರಲು ವರ್ಷಗಳೇ ಬೇಕು, ತೋರುವ ಹೊತ್ತಿಗೆ ಅಂಗೈ ಅಂಗಾಲುಗಳ ಚರ್ಮ ಗಂಟುಗಟ್ಟಿರುತ್ತದೆ, ಕ್ಯಾನ್ಸರೂ ಬಂದಿರಬಹುದು. ಫಲಕ್ಕಾಗಿ ಕಾಯುವುದೇ ಅಪಾಯವಾದಲ್ಲಿ ಅನುಮಾನಪ್ರಮಾಣವನ್ನು, ಅಂದರೆ ಕಾಣುವ ಗುರುತಿನಿಂದ ಕಾಣದ್ದನ್ನು ತಿಳಿಯುವ ಬಗೆಯನ್ನು, ಆಶ್ರಯಿಸಬೇಕಾಗುತ್ತದೆ: ಪರೀಕ್ಷಾ ಕಾಗದದ ಮೇಲೆ ಮೂಡುವ ಹಳದಿ ಅಂಥ ಗುರುತು, ಅದನ್ನೇ ಶಾಸ್ತ್ರ ಲಿಂಗವೆನ್ನುತ್ತದೆ. ಒಂದು ಬಾವಿ ಸುರಕ್ಷಿತವಾದ್ದರಿಂದ ಪಕ್ಕದ್ದೂ ಸುರಕ್ಷಿತವೆಂಬ ಊಹೆಯಾದರೋ ವ್ಯಭಿಚಾರದೋಷಕ್ಕೆ ಒಳಗಾಗುತ್ತದೆ, ಅಂದರೆ ಅಲ್ಲಿ ನಿಯತ ಸಂಬಂಧವೇ ಇಲ್ಲ. ಕೆಲವೇ ಮೀಟರುಗಳ ಅಂತರದಲ್ಲಿ ಆರ್ಸೆನಿಕ್ಕಿನ ಪ್ರಮಾಣ ಬದಲಾಗುವುದರಿಂದ ಪ್ರತಿಯೊಂದು ಬಾವಿಯನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.

ಆದರೆ ಕುಡಿಯುವವರೆಲ್ಲರೂ ಪರೀಕ್ಷಕರಾಗಲಾರರು, ಅವರಿಗೆ ಉಳಿಯುವುದು ಶಬ್ದಪ್ರಮಾಣ, ಅಂದರೆ ನಂಬಲರ್ಹನಾದ ಆಪ್ತನ ಮಾತಿನಿಂದ ಬರುವ ತಿಳಿವು. ವಿಷಯವನ್ನು ಸ್ವತಃ ಅರಿತು ಅರಿತಂತೆಯೇ ತಿಳಿಸಬಯಸುವವನು ಆಪ್ತನೆಂದೂ, ಈ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಸಮಾನವೆಂದೂ ನ್ಯಾಯಭಾಷ್ಯಕಾರ ವಾತ್ಸ್ಯಾಯನ ಹೇಳುತ್ತಾನೆ. ವಿಷವುಳ್ಳ ಪಂಪುಗಳಿಗೆ ಕೆಂಪು, ಸುರಕ್ಷಿತವಾದವಕ್ಕೆ ಹಸಿರು ಬಳಿದ ಬಾಂಗ್ಲಾದೇಶದ ಕಾರ್ಯಕರ್ತರ ಬಣ್ಣವೂ ಈ ಅರ್ಥದಲ್ಲಿ ಆಪ್ತವಾಕ್ಯವೇ ಆಗಿತ್ತು. ಬಣ್ಣ ಮಾಸುತ್ತದೆ, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ತೋಡಲ್ಪಡುತ್ತವೆ. ಆದ್ದರಿಂದ ಆಪ್ತತ್ವವು ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಪದವಿಯಲ್ಲ. ನೀರು ಕೊಡುವುದು ಪುಣ್ಯವೆಂದು ನಂಬುವ ಸಮಾಜದಲ್ಲಿ ಆ ನೀರನ್ನು ಮತ್ತೆ ಮತ್ತೆ ಪರೀಕ್ಷಿಸುವುದೂ, ಕಂಡದ್ದನ್ನು ಮರೆಮಾಚದೆ ತಿಳಿಸುವುದೂ ಆ ದಾನದ ಅಂಗಗಳೇ ಆಗಬೇಕು. ಇವಿಲ್ಲದೆ ದಾನವು ಪೂರ್ಣವಾಗುವುದಿಲ್ಲ.