ಒಂದು ಅಕ್ಷರದ ಹಣೆಬರಹ

ವಿಜಯಪುರದ ನಮ್ಮ ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಕಾಯಿ ಕಟ್ಟುವ ಹೊತ್ತಿಗೆ ಬೂದಿ ರೋಗ ಬಿತ್ತು. ಹಿಂದಿನ ವರ್ಷ ಒಂದೇ ಸಿಂಪರಣೆಗೆ ಅಡಗಿದ್ದ ರೋಗ, ಈ ಸಲ ಮೂರು ಬಾರಿ ಹೊಡೆದರೂ ಜಗ್ಗಲಿಲ್ಲ. "ದೇವರು ನಮ್ಮ ಮ್ಯಾಲ ಮುನಿದಾನ," ಅಂದಳು ಅವ್ವ. ಆ ಮಾತೇ ನನ್ನನ್ನು ಓದಿಗೆ ಹಚ್ಚಿತು.

ನಾವು ಹೊಡೆದದ್ದು ಸ್ಟ್ರಾಬಿಲುರಿನ್ ಗುಂಪಿನ ಔಷಧ. ಪೈನ್ ಮರದ ಉದುರಿದ ಕಾಯಿಯ ಮೇಲೆ ಬೆಳೆಯುವ ಪುಟ್ಟ ಅಣಬೆಯೇ ಅದರ ಮೂಲ. ಆ ಔಷಧ ರೋಗ ತರುವ ಶಿಲೀಂಧ್ರದ ಉಸಿರನ್ನೇ ಕಟ್ಟುತ್ತದೆ. 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲೇ ಉತ್ತರ ಜರ್ಮನಿಯ ಗೋಧಿಯ ಬೂದಿ ರೋಗ ಅದನ್ನು ಮೀರಿತ್ತು. ಆ ಶಿಲೀಂಧ್ರದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಬಿ ಎಂಬ ಪ್ರೋಟೀನಿನ 143ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಹೋಗಿ ಅಲನಿನ್ ಬಂದಿತ್ತು. ವಂಶವಾಹಿಯಲ್ಲಿ ಬದಲಾದದ್ದು ಒಂದೇ ಅಕ್ಷರ. ದ್ರಾಕ್ಷಿಯ ಬೂದಿ ರೋಗದಲ್ಲೂ ಇದೇ ಬದಲಾವಣೆ ಕಂಡಿದೆ.

ಆ ಅಕ್ಷರವನ್ನು ತಿದ್ದಿದವರು ಯಾರು? ಕೋಟ್ಯಂತರ ಬೀಜಕಣಗಳಲ್ಲಿ ಎಲ್ಲೋ ಒಂದರಲ್ಲಿ ಅದು ತಾನಾಗಿ ಆಗುವ ಬದಲಾವಣೆ. ನಾವು ಉಳಿದವನ್ನೆಲ್ಲ ಕೊಂದು ಅದಕ್ಕೆ ಹೊಲವನ್ನೇ ಬಿಟ್ಟುಕೊಟ್ಟೆವು. ಬರೆದದ್ದು ಪ್ರಕೃತಿ, ಆರಿಸಿದ್ದು ನನ್ನ ಕೈ. ಕರ್ಮವೆಂದರೆ ನನಗೀಗ ಇದೇ: ಮಾಡಿದ್ದು ತಿರುಗಿ ಬರಲು ಮುನಿದ ದೇವರು ಬೇಕಿಲ್ಲ, ಮರೆತ ಎಚ್ಚರವೇ ಸಾಕು.

ಈಗ ಒಂದೇ ಔಷಧವನ್ನು ಬೆನ್ನುಬೆನ್ನಿಗೆ ಹೊಡೆಯುವುದಿಲ್ಲ. ಗಂಧಕ ಬಳಸುತ್ತೇನೆ, ಒತ್ತಾದ ಎಲೆ ತೆಗೆದು ಗಾಳಿ ಬಿಡುತ್ತೇನೆ. ಬೂದಿಗೂ ಬದುಕುವ ಹಟವಿದೆ, ನನಗೂ ಇದೆ. ಆ ಹಟವನ್ನು ಗೌರವಿಸುತ್ತಲೇ ಬೆಳೆ ಕಾಯುವುದು ನನ್ನ ಪೂಜೆ.