ತಪ್ಪು ಮತ್ತು ಪ್ರಮಾದ: ಅಚ್ಚುಚಿತ್ರದ ಕಲಿಕೆಯ ನೆವದಲ್ಲಿ ಒಂದು ನೀತಿವಿಚಾರ

ಕಲಿಯುವವನು ತಪ್ಪುತ್ತಾನೆ, ತಪ್ಪದೆ ಕಲಿತವರಿಲ್ಲ. ಇದು ಎಲ್ಲರೂ ಒಪ್ಪುವ ಮಾತು. ಆದರೆ ಕಲಿಯುವಾಗ ಹಾಳಾಗುವ ವಸ್ತುವಿನ ಹೊಣೆ ಯಾರದು, ಎಷ್ಟರಮಟ್ಟಿಗೆ ಹಾಳುಮಾಡುವ ಅಧಿಕಾರ ಕಲಿಯುವವನಿಗೆ ಉಂಟು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸ್ಲೇಟಿನ ಮೇಲೆ ತಪ್ಪಿ ಬರೆದುದನ್ನು ಒರೆಸಬಹುದು. ಕುಂಬಾರನು ಕೆಟ್ಟ ಮಡಕೆಯ ಹಸಿಮಣ್ಣನ್ನು ಮತ್ತೆ ಕಲಸಬಹುದು. ಖಾತೆಪುಸ್ತಕದಲ್ಲಿ ತಪ್ಪಿದ ಅಂಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕಬಹುದು. ಮರದ ಹಲಗೆಯಿಂದ ಉಳಿ ಎಬ್ಬಿಸಿದ ಚಕ್ಕೆಯನ್ನು ಮಾತ್ರ ಮೊದಲಿನಂತೆ ಕೂಡಿಸಲು ಬಾರದು. ಆದುದರಿಂದ ಮರದಚ್ಚು ಮತ್ತು ಲಿನೋ ಅಚ್ಚಿನ ಚಿತ್ರಗಳನ್ನು ಅಭ್ಯಾಸ ಮತ್ತು ಪ್ರಯೋಗಗಳಿಂದ ಕಲಿಯುವ ಕ್ರಮವು ಈ ಪ್ರಶ್ನೆಯ ವಿಚಾರಣೆಗೆ ತಕ್ಕ ನಿದರ್ಶನವಾಗಿದೆ.

ಈ ಕಲೆಯ ತತ್ತ್ವ ಸರಳವಾದುದು. ಹಲಗೆಯ ಮೇಲೆ ಚಿತ್ರ ಬರೆದು, ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ಕೆತ್ತಿ ತೆಗೆಯುತ್ತಾರೆ. ಉಬ್ಬಾಗಿ ಉಳಿದ ಭಾಗಕ್ಕೆ ರೋಲರಿನಿಂದ ಶಾಯಿ ಸವರಿ, ಮೇಲೆ ಕಾಗದವನ್ನಿಟ್ಟು ಒತ್ತಿ ತೆಗೆದರೆ ಚಿತ್ರ ಮೂಡುತ್ತದೆ. ಮರಕ್ಕೆ ಬದಲಾಗಿ ಬಳಸುವ ಲಿನೋಲಿಯಂ 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ನೆಲಹಾಸಿಗಾಗಿ ರೂಪಿಸಿದ ವಸ್ತು. ಅಗಸೆ ಎಣ್ಣೆಯನ್ನು ಗಾಳಿಗೊಡ್ಡಿ ಗಟ್ಟಿಗೊಳಿಸಿ, ಅದಕ್ಕೆ ಕಾರ್ಕಿನ ಪುಡಿ, ರಾಳ ಮೊದಲಾದುವನ್ನು ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಅದನ್ನು ಸಿದ್ಧಪಡಿಸುತ್ತಾರೆ. ಮರದಲ್ಲಿರುವಂತೆ ಅದರಲ್ಲಿ ಎಳೆಗಳಿಲ್ಲವಾದ್ದರಿಂದ ಉಳಿ ಯಾವ ದಿಕ್ಕಿಗೂ ಸರಾಗವಾಗಿ ಓಡುತ್ತದೆ. ವಿಯೆನ್ನಾ ನಗರದ ಶಿಕ್ಷಕ ಫ್ರಾಂಜ್ ಸಿಜೆಕ್ ಮಕ್ಕಳಿಗೆ ಚಿತ್ರಕಲೆ ಕಲಿಸಲು ಇದನ್ನು ಬಳಸಿ ಪ್ರಸಿದ್ಧನಾದನು. ಇದು ಮಕ್ಕಳ ಆಟಕ್ಕಷ್ಟೇ ತಕ್ಕುದೆಂದು ಭಾವಿಸಲಾಗದು. 1930ರಲ್ಲಿ ಗಾಂಧೀಜಿ ಉಪ್ಪಿನ ಸತ್ಯಾಗ್ರಹಕ್ಕೆ ನಡೆದುದನ್ನು ನಂದಲಾಲ್ ಬೋಸರು ಲಿನೋದಲ್ಲಿಯೇ ಕೆತ್ತಿದರು. ಕಪ್ಪು ಹಿನ್ನೆಲೆಯಲ್ಲಿ ಕೆಲವೇ ಬಿಳಿ ಗೆರೆಗಳಿಂದ ಮೂಡಿದ, ಕೋಲು ಹಿಡಿದು ನಡೆಯುವ ಆ ಮೂರ್ತಿಯನ್ನು ಕಾಣದ ಭಾರತೀಯರು ಕಡಿಮೆ.

ಈ ಕಲೆಯಲ್ಲಿ ಮೊದಲು ಎದುರಾಗುವ ತೊಡಕು ಎಡಬಲಗಳ ವ್ಯತ್ಯಾಸ. ಹಲಗೆಯಲ್ಲಿ ಬಲಕ್ಕಿರುವುದು ಕಾಗದದಲ್ಲಿ ಎಡಕ್ಕೆ ಬರುತ್ತದೆ. ಕನ್ನಡ ಅಕ್ಷರಗಳನ್ನು ಕೆತ್ತುವವನು ಬಲಗಡೆಯ ಕೊಂಬು, ದೀರ್ಘಗಳನ್ನು ಎಡಗಡೆಗೆ ಕೆತ್ತಬೇಕು. ಚಿತ್ರದುರ್ಗದ ನೆಲಕ್ಕೆ ಈ ತಿರುವುಮುರುವಿನ ವಿದ್ಯೆ ಹೊಸದಲ್ಲ. ಕೋಟೆಯ ಬೆಟ್ಟಗಳ ಬದಿಯಲ್ಲಿರುವ ಚಂದ್ರವಳ್ಳಿಯಲ್ಲಿ ಸಾತವಾಹನ ಕಾಲದ ಸೀಸದ ನಾಣ್ಯಗಳೂ ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ನಾಣ್ಯದ ಮೇಲೆ ಅಕ್ಷರ ನೇರವಾಗಿ ಮೂಡಬೇಕಾದರೆ, ಟಂಕಿಸಿದುದಾಗಲಿ ಎರಕ ಹೊಯ್ದುದಾಗಲಿ, ಅದರ ಅಚ್ಚಿನಲ್ಲಿ ಅಕ್ಷರ ತಿರುಗಿರಲೇಬೇಕು. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವನ್ನು ಬರೆದವನು ಚಪಡನೆಂಬ ಲಿಪಿಕಾರ. ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀ ಲಿಪಿಯಲ್ಲಿ ಶಾಸನವನ್ನು ಮುಗಿಸಿ, ತನ್ನ ವೃತ್ತಿಯನ್ನು ಸೂಚಿಸುವ ಕೊನೆಯ ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದನು. ಎರಡು ದಿಕ್ಕಿಗೂ ಪಳಗಿದ ಕೈ ಅದು. ಅಚ್ಚು ಕೆತ್ತುವವನಿಗೂ ಇಂತಹ ಪಳಗುವಿಕೆ ಬೇಕು; ತನ್ನ ಕಡೆಯಿಂದ ಕಾಣುವುದಲ್ಲ, ನೋಡುವವನ ಕಡೆಗೆ ಹೇಗೆ ಮೂಡೀತು ಎಂಬುದನ್ನು ಪ್ರತಿ ಗೆರೆಗೂ ಮೊದಲು ಆತ ಎಣಿಸಬೇಕಾಗುತ್ತದೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಅಚ್ಚುಚಿತ್ರವನ್ನು ಗ್ರಾಫಿಕ್ ಕಲೆಯೆಂಬ ಹೆಸರಿನಿಂದ ಕ್ರಮವಾಗಿ ಕಲಿಸುತ್ತ ಬಂದಿದ್ದಾರೆ. ಅಲ್ಲಿಗೆ ಹೋಗಲಾಗದ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಊರುಗಳ ಆಸಕ್ತನು ಏನು ಮಾಡಬೇಕು? ಅವನಿಗೆ ಬೇಕಾದ ಸಾಮಗ್ರಿ ಬಹಳವಿಲ್ಲ. ಬಡಗಿಯ ಅಂಗಡಿಯಲ್ಲಿ ಉಳಿದ ಮಾವು, ಬೇವು, ತೇಗದ ತುಂಡುಹಲಗೆಗಳು, ಹರಿತವಾದ ಎರಡು ಮೂರು ಉಳಿಗಳು, ಸಾಣೆಕಲ್ಲು, ಒಂದು ರಬ್ಬರ್ ರೋಲರ್, ಮುದ್ರಣದ ಕಪ್ಪು ಶಾಯಿ ಮತ್ತು ತೆಳುವಾದ ಕಾಗದ ಇದ್ದರೆ ಸಾಕು. ಯಂತ್ರವಿಲ್ಲದಿದ್ದರೆ ಮರದ ಸೌಟಿನ ಬೆನ್ನಿನಿಂದ ಕಾಗದವನ್ನು ಉಜ್ಜಿಯೇ ಅಚ್ಚು ತೆಗೆಯಬಹುದು. ಪೇಟೆಯಲ್ಲಿ ನೆಲಹಾಸೆಂದು ಮಾರುವ ಹಾಳೆಗಳಲ್ಲಿ ಬಹುಪಾಲು ಪ್ಲಾಸ್ಟಿಕ್ ಜಾತಿಯ ವಿನೈಲ್ ಎಂಬುದನ್ನು ಅರಿತು, ನಿಜವಾದ ಲಿನೋವನ್ನು ಕಲಾಸಾಮಗ್ರಿಯ ಅಂಗಡಿಯಿಂದಲೇ ತರಿಸಬೇಕು. ಅದು ಗಡುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟರೆ ಮೆತ್ತಗಾಗುತ್ತದೆ. ಈ ಸೀಮೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ವಸ್ತುವಿಗೂ ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಹೆಬ್ಬಂಡೆಗಳ ನೆರಳು ಬೆಳಕು ಮರದಚ್ಚಿನ ಕಪ್ಪುಬಿಳುಪಿಗೆ ಹೇಳಿ ಮಾಡಿಸಿದಂತಿವೆ. ಹೊಸದುರ್ಗದ ತೆಂಗಿನ ಗರಿಯೂ ಹೊಳಲ್ಕೆರೆಯ ಅಡಿಕೆ ಮರದ ಉಂಗುರಗಳೂ ಉಳಿಯ ಗೆರೆಗೆ ಒಳ್ಳೆಯ ಪಾಠಗಳು. ಹಿರಿಯೂರಿನ ಬಳಿ ಬೆಟ್ಟಗಳ ನಡುವೆ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರನ್ನು ಬರಿಯ ಬಿಳಿ ಗೆರೆಗಳಿಂದ ಸೂಚಿಸುವುದು ಮುಂದಿನ ಪರೀಕ್ಷೆಯಾಗಬಹುದು.

ಆದರೆ ಸಾಮಗ್ರಿ ಕೂಡಿದ ಮಾತ್ರಕ್ಕೆ ವಿದ್ಯೆ ಬಾರದು. ಎಳೆಯ ಜೊತೆಗೆ ಕೆತ್ತಿದರೆ ಮರ ಸೀಳಿ ಉಳಿ ಮುಂದಕ್ಕೆ ಜಾರುತ್ತದೆ. ಎಳೆಗೆ ಅಡ್ಡವಾಗಿ ಕೆತ್ತಿದರೆ ಅಂಚು ಒಡೆಯುತ್ತದೆ. ಬಾಗಿದ ಗೆರೆಗೆ ಉಳಿಯನ್ನಲ್ಲ, ಹಲಗೆಯನ್ನು ತಿರುಗಿಸಬೇಕು. ಹಲಗೆ ಹಿಡಿದ ಕೈ ಎಂದಿಗೂ ಉಳಿಯ ಮುಂದಿರಬಾರದು. ಶಾಯಿ ಹೆಚ್ಚಾದರೆ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಕಡಿಮೆಯಾದರೆ ಕಪ್ಪು ಚುಕ್ಕೆಚುಕ್ಕೆಯಾಗುತ್ತದೆ. ಹದವಾದ ಶಾಯಿಯ ಮೇಲೆ ರೋಲರ್ ಓಡುವಾಗ ಒಂದು ಬಗೆಯ ಸಣ್ಣ ಚರಚರ ಸದ್ದು ಕೇಳುತ್ತದೆ. ಇವೆಲ್ಲವನ್ನೂ ಪುಸ್ತಕ ಹೇಳಬಲ್ಲುದು. ಆದರೆ ಆ ಸದ್ದು ಎಂತಹುದು, ಈ ಮಾವಿನ ತುಂಡು ಎಷ್ಟು ಒತ್ತಡವನ್ನು ತಾಳೀತು ಎಂಬುದನ್ನು ಕಿವಿ ಕೈಗಳೇ ಅರಿಯಬೇಕು. ಅರಿಯುವ ತನಕ ಕೆಲವು ಹಲಗೆಗಳು ಕೆಡುವುದು ಅನಿವಾರ್ಯ.

ಇಲ್ಲಿಯೇ ನೀತಿಯ ಪ್ರಶ್ನೆ ಏಳುತ್ತದೆ. ಶ್ರಾವಕಾಚಾರದ ಗ್ರಂಥಗಳು ಅನರ್ಥದಂಡದ ಭೇದಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸಿ, ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ಗಿಡಮರ ಕಡಿಯುವುದನ್ನೂ ಅದರಲ್ಲಿ ಸೇರಿಸಿರುವುದು ವಾಚಕರಿಗೆ ತಿಳಿದ ಸಂಗತಿ. ಹಾಗಾದರೆ ಕಲಿಯುವವನು ಕೆಡಿಸಿದ ಹಲಗೆ ಪ್ರಯೋಜನಕ್ಕೆ ಸಂದಿತೋ, ಅನರ್ಥಕ್ಕೆ ಸಂದಿತೋ? ಕೆಟ್ಟ ಹಲಗೆಯನ್ನು ನೋಡಿ ಇದನ್ನು ನಿರ್ಣಯಿಸಲಾಗದು. ಒಂದೇ ಬಗೆಯ ಅಡ್ಡಗೀರು ಇಬ್ಬರ ಹಲಗೆಯಲ್ಲಿಯೂ ಇರಬಹುದು. ಒಬ್ಬನು ಎಳೆಯ ದಿಕ್ಕನ್ನು ನೋಡಿ, ಉಳಿಯನ್ನು ಸಾಣೆ ಹಿಡಿದು, ಇಷ್ಟು ಆಳಕ್ಕೆ ಹೋದರೆ ಏನಾದೀತೆಂದು ಪರೀಕ್ಷಿಸುವಾಗ ಅದು ಜಾರಿತು. ಮತ್ತೊಬ್ಬನು ಮೊಂಡ ಉಳಿಯಿಂದ, ಬೇರೆಲ್ಲೋ ಮನಸ್ಸಿಟ್ಟು ಕೆತ್ತುವಾಗ ಅದು ಜಾರಿತು. ಮೊದಲನೆಯದು ತಪ್ಪು, ಎರಡನೆಯದು ಪ್ರಮಾದ. ತಪ್ಪು ಎಚ್ಚರದ ನಡುವೆಯೂ ಅಜ್ಞಾನದಿಂದ ಆಗುವುದು. ಆದ ಮೇಲೆ ಅದು ಜ್ಞಾನವನ್ನು ಉಳಿಸಿ ಹೋಗುತ್ತದೆ. ಪ್ರಮಾದ ಎಚ್ಚರದ ಅಭಾವದಿಂದ ಆಗುವುದು. ಅದು ಏನನ್ನೂ ಉಳಿಸುವುದಿಲ್ಲ, ನಾಳೆಯೂ ಹಾಗೆಯೇ ಆಗುತ್ತದೆ.

ಈ ಭೇದವನ್ನು ವ್ಯವಹಾರದಲ್ಲಿ ಗುರುತಿಸಲು ಒಂದು ಉಪಾಯವುಂಟು. ಅದು ಲೆಕ್ಕ ಇಡುವುದು. ಹಲಗೆಯಿಂದ ಮೊದಲು ತೆಗೆದ ಕರಡಚ್ಚನ್ನು ಎಸೆಯದೆ, ಅದರ ಹಿಂಬದಿಯಲ್ಲಿ ಯಾವ ಮರ, ಯಾವ ಕಾಗದ, ಶಾಯಿ ಎಷ್ಟು, ಕೆಟ್ಟುದು ಎಲ್ಲಿ ಎಂಬುದನ್ನು ಬರೆದಿಡಬೇಕು. ಮುಂದಿನ ಸಲ ಒಂದನ್ನು ಮಾತ್ರ ಬದಲಿಸಬೇಕು. ಕಾಗದವನ್ನೂ ಶಾಯಿಯನ್ನೂ ಒತ್ತಡವನ್ನೂ ಒಮ್ಮೆಗೇ ಬದಲಿಸಿದರೆ ಲಾಭವಾದರೂ ನಷ್ಟವಾದರೂ ಕಾರಣ ತಿಳಿಯದು. ಹೀಗೆ ಲೆಕ್ಕವಿಟ್ಟವನ ಹತ್ತು ಕೆಟ್ಟ ಅಚ್ಚುಗಳು ಅವನ ಮೂಲಧನವಾಗುತ್ತವೆ. ಲೆಕ್ಕವಿಡದವನ ಹತ್ತು ಕೆಟ್ಟ ಅಚ್ಚುಗಳು ಬರಿಯ ಕಸ. ಪ್ರಯೋಗವೆಂಬ ಹೆಸರಿಗೆ ಮೊದಲನೆಯದು ಮಾತ್ರ ಅರ್ಹ.

ಹಿರಿಯ ಕಲಾವಿದರ ಬಾಳಿನಲ್ಲಿಯೂ ಇದನ್ನು ಕಾಣಬಹುದು. ಜರ್ಮನಿಯ ಕೇಟೆ ಕೋಲ್ವಿಟ್ಸ್ ತಾಮ್ರದ ತಗಡಿನ ಮತ್ತು ಕಲ್ಲಚ್ಚಿನ ಚಿತ್ರಗಳಿಂದ ಹೆಸರಾಗಿದ್ದ ಮಹಿಳೆ. 1919ರ ಜನವರಿಯಲ್ಲಿ ಕಾರ್ಲ್ ಲೀಬ್‌ಕ್ನೆಕ್ಟ್ ಎಂಬ ರಾಜಕೀಯ ನಾಯಕನ ಹತ್ಯೆಯಾದಾಗ, ಆತನ ಸ್ಮರಣೆಯ ಚಿತ್ರವನ್ನು ಮೊದಲು ತಗಡಿನಲ್ಲಿ, ಬಳಿಕ ಕಲ್ಲಚ್ಚಿನಲ್ಲಿ ಮಾಡಿನೋಡಿದರು. ಎರಡೂ ಮನಸ್ಸಿಗೆ ಒಪ್ಪಲಿಲ್ಲ. 1920ರಲ್ಲಿ ಎರ್ನ್ಸ್ಟ್ ಬಾರ್ಲಾಖ್ ಅವರ ಮರದಚ್ಚುಗಳನ್ನು ಕಂಡ ಮೇಲೆ, ತಮಗೆ ರೂಢಿಯಿಲ್ಲದ ಆ ಮಾಧ್ಯಮವನ್ನು ಕೈಗೆತ್ತಿಕೊಂಡು ಚಿತ್ರವನ್ನು ಪೂರ್ಣಗೊಳಿಸಿದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು. 1914ರಲ್ಲಿ ಯುದ್ಧದಲ್ಲಿ ಮಗನನ್ನು ಕಳೆದುಕೊಂಡಿದ್ದ ಆ ತಾಯಿ, ಯುದ್ಧವನ್ನು ಕುರಿತ ಏಳು ಚಿತ್ರಗಳನ್ನು 1921–22ರಲ್ಲಿ ಮರದಲ್ಲಿಯೇ ಕೆತ್ತಿದರು. ಕೈಬಿಟ್ಟ ಮೊದಲ ಯತ್ನಗಳನ್ನು ವ್ಯರ್ಥವೆನ್ನಲಾಗದು. ಏನು ಬೇಡವೆಂಬುದನ್ನು ಅವು ತೋರಿಸಿಕೊಟ್ಟವು.

ಪಿಕಾಸೋನ ನಿದರ್ಶನ ಬೇರೊಂದು ಬಗೆಯದು. ಬಣ್ಣಕ್ಕೊಂದರಂತೆ ಬೇರೆ ಬೇರೆ ಲಿನೋ ಹಾಳೆಗಳನ್ನು ಕೆತ್ತಿ, ಅವುಗಳನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸುವುದು ಬಹಳ ಶ್ರಮದ ಕೆಲಸ. 1959ರ ಸುಮಾರಿಗೆ, ಎಂಬತ್ತರ ಸಮೀಪಿಸುತ್ತಿದ್ದ ಆತ, ಒಂದೇ ಹಾಳೆಯನ್ನು ಹಂತಹಂತವಾಗಿ ಕೆತ್ತುತ್ತ ಪ್ರತಿ ಹಂತದಲ್ಲಿ ಒಂದೊಂದು ಬಣ್ಣ ಅಚ್ಚುಹಾಕುವ ವಿಧಾನವನ್ನು ಅನುಸರಿಸಿದನು. ತಿಳಿಬಣ್ಣ ಮೊದಲು, ಗಾಢಬಣ್ಣ ಕೊನೆಗೆ. ಈ ವಿಧಾನದಲ್ಲಿ ಎರಡನೆಯ ಹಂತವನ್ನು ಕೆತ್ತಿದೊಡನೆ ಮೊದಲನೆಯ ಹಂತ ಶಾಶ್ವತವಾಗಿ ಇಲ್ಲವಾಗುತ್ತದೆ. ಎಷ್ಟು ಪ್ರತಿ ಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಬಳಿಕ ಒಂದನ್ನೂ ಹೆಚ್ಚಿಸಲಾಗದು.

ಪ್ರತಿಗಳ ಸಂಖ್ಯೆಯ ವಿಷಯದಲ್ಲಿ ಮತ್ತೊಂದು ಧರ್ಮವೂ ಅಡಗಿದೆ. ಅಚ್ಚುಚಿತ್ರದ ಕೆಳಗೆ 3/20 ಎಂದು ಬರೆದರೆ, ಒಟ್ಟು ತೆಗೆದದ್ದು ಇಪ್ಪತ್ತು, ಇದು ಮೂರನೆಯದು ಎಂದರ್ಥ. ಕೊಳ್ಳುವವನು ಅದನ್ನು ಎಣಿಸಿ ನೋಡಲಾರ; ಕಲಾವಿದನ ಮಾತನ್ನು ನಂಬಿ ಹಣ ಕೊಡುತ್ತಾನೆ. ಇಪ್ಪತ್ತೊಂದನೆಯದನ್ನು ಗುಟ್ಟಾಗಿ ತೆಗೆದು ಮಾರಿದರೆ ಅದು ಹಳೆಯ ಆಚಾರ್ಯರು ಅಚೌರ್ಯದ ಅತಿಚಾರಗಳಲ್ಲಿ ಹೇಳಿದ ಪ್ರತಿರೂಪಕ ವ್ಯವಹಾರಕ್ಕೆ ಸಮೀಪದ ದೋಷ. ಕಡಿಮೆ ತೂಕದ ಬಟ್ಟಿಗೂ ಇದಕ್ಕೂ ಭೇದವಿಲ್ಲ. ಪ್ರತಿಗಳು ಮುಗಿದ ಮೇಲೆ ಹಲಗೆಗೆ ಅಡ್ಡಗೀರು ಹಾಕಿ ರದ್ದುಮಾಡುವ ಪದ್ಧತಿ ಹುಟ್ಟಿರುವುದು ಈ ನಂಬಿಕೆಯನ್ನು ಕಾಪಾಡಲಿಕ್ಕಾಗಿ. ಹಾಗೆಯೇ ಗೆರೆ ಮುಚ್ಚಿಹೋದ ಅಚ್ಚನ್ನು ಪ್ರಯೋಗಶೀಲ ಕೃತಿಯೆಂದು ಹೇಳಿ ಮಾರುವುದೂ ತರವಲ್ಲ. ಕಲಿಕೆಯ ನಷ್ಟವನ್ನು ಕಲಿಯುವವನೇ ಭರಿಸಬೇಕು. ಅದನ್ನು ಗಿರಾಕಿಯ ತಲೆಗೆ ಕಟ್ಟಬಾರದು.

ಇಷ್ಟೆಲ್ಲ ಕಷ್ಟವೇಕೆ, ಕಂಪ್ಯೂಟರಿನಲ್ಲಿ ಬರೆದರೆ ಸಾಲದೆ, ಅಲ್ಲಿ ಪ್ರತಿ ತಪ್ಪನ್ನೂ ಕ್ಷಣದಲ್ಲಿ ಹಿಂದಕ್ಕೆ ತಿರುಗಿಸಬಹುದು, ಮರವೂ ಉಳಿಯುತ್ತದೆ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. ರೂಪುರೇಷೆಯನ್ನು ಅಲ್ಲಿ ಸಿದ್ಧಪಡಿಸಿ ಎಡಬಲ ತಿರುಗಿಸಿ ನೋಡಿಕೊಳ್ಳುವುದರಿಂದ ಎಷ್ಟೋ ಹಲಗೆಗಳು ಉಳಿದಾವು. ಅದು ವಿವೇಕವೇ ಸರಿ. ಆದರೆ ಹಿಂದಕ್ಕೆ ತಿರುಗಿಸಬಹುದಾದ ಕೆಲಸದಲ್ಲಿ ಎಚ್ಚರವು ಐಚ್ಛಿಕವಾಗುತ್ತದೆ. ಬಾಳಿನ ಮುಖ್ಯ ಕೃತ್ಯಗಳಲ್ಲಿ ಅನೇಕವು ಹಾಗಲ್ಲ. ಆಡಿದ ಕಟುವಚನ, ಮುರಿದ ಕರಾರು, ನೋಯಿಸಿದ ಜೀವ ಇವುಗಳನ್ನು ಮೊದಲಿನಂತೆ ಮಾಡಲಾಗದು. ಅಂತಹ ಕೃತ್ಯಗಳಿಗೆ ಮುನ್ನ ಒಂದು ಕ್ಷಣ ನಿಲ್ಲುವ ಅಭ್ಯಾಸವನ್ನು ಕೈಗೆ ಕಲಿಸಲು, ನಷ್ಟವು ಒಂದು ತುಂಡುಹಲಗೆಗೆ ಸೀಮಿತವಾಗಿರುವ ಈ ವಿದ್ಯೆ ಅಗ್ಗದ ಸಾಧನವೆಂದೇ ಹೇಳಬೇಕು.

ಆದುದರಿಂದ ಮಕ್ಕಳಿಗೆ ಈ ಕಲೆಯನ್ನು ಹೇಳಿಕೊಡುವ ಹಿರಿಯರು ಎರಡು ಅತಿಗಳನ್ನು ಬಿಡುವುದು ಯೋಗ್ಯ. ಹಲಗೆ ಕೆಟ್ಟಿತೆಂದು ಗದರಿಸಿದರೆ ಮಗು ಕೆತ್ತುವುದನ್ನೇ ಬಿಡುತ್ತದೆ, ಇಲ್ಲವೆ ಕೆಟ್ಟುದನ್ನು ಮುಚ್ಚಿಡಲು ಕಲಿಯುತ್ತದೆ. ಕೆಟ್ಟರೇನು, ಇನ್ನೊಂದು ತಂದರಾಯಿತು ಎಂದರೆ ವಸ್ತುವಿನ ಬೆಲೆಯನ್ನು ಮರೆಯುತ್ತದೆ. ಬಡಗಿಯ ಅಂಗಡಿಯಲ್ಲಿ ಉಳಿದ ತುಂಡಿನಿಂದ ಆರಂಭಿಸಿ, ಉಳಿಯನ್ನು ಹರಿತಗೊಳಿಸಿ ಕೊಟ್ಟು, ಕೆಟ್ಟ ಅಚ್ಚನ್ನು ಒಳ್ಳೆಯ ಅಚ್ಚಿನ ಪಕ್ಕದಲ್ಲಿಟ್ಟು, ಇಲ್ಲಿ ಏನಾಯಿತು ಎಂದು ಕೇಳಿದರೆ ಸಾಕು. ಮಗು ತಾನೇ ಉತ್ತರ ಹೇಳಿದ ದಿನ ಆ ಹಲಗೆ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.