ಎಂಟು ನಿಮಿಷಗಳ ನ್ಯಾಯ

ನ್ಯಾಯ ಎಂದೊಡನೆ ನಮಗೆ ನೆನಪಾಗುವುದು ಕೋರ್ಟು, ಕಟಕಟೆ, ಕರಿಯ ಕೋಟು. ಆದರೆ ನಮ್ಮಲ್ಲಿ ಬಹುಮಂದಿ ನ್ಯಾಯದ ಮುಖವನ್ನು ಮೊದಲು ಕಂಡದ್ದು ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕುಳಿತು. ಮನೆಯಲ್ಲಿ ಮಗುವಿಗೆ ದೊರೆಯುವುದು ಪ್ರೀತಿ. ಪ್ರೀತಿ ಲೆಕ್ಕ ಇಡುವುದಿಲ್ಲ. ಶಾಲೆಗೆ ಬಂದ ಮೇಲೆ, ತನ್ನ ತಾಯಿಯಲ್ಲದ ಒಬ್ಬಾಕೆ ತನ್ನನ್ನೂ ತನ್ನಂತಹ ಮೂವತ್ತು ನಲವತ್ತು ಮಂದಿಯನ್ನೂ ಒಂದೇ ಕಣ್ಣಿನಿಂದ ನೋಡುವುದನ್ನು ಅದು ಕಾಣುತ್ತದೆ. ಟೀಚರ್ ಎನ್ನಿ, ಇಲ್ಲಿಯ ಮರಾಠಿ ಶಾಲೆಗಳಂತೆ ‘ಬಾಯಿ’ ಎನ್ನಿ, ನಮ್ಮ ಧಾರವಾಡದ ಕಡೆಯಂತೆ ‘ಅಕ್ಕೋರು’ ಎನ್ನಿ, ಆಕೆಯ ಕೈಯಲ್ಲಿರುವ ಅಧಿಕಾರ ಸಣ್ಣದಲ್ಲ. ಏಳು ವರ್ಷದ ಮಗುವಿನ ಪಾಲಿಗೆ ಆಕೆಯೇ ಸರಕಾರ.

ಎರಡನೆಯ ಇಯತ್ತೆಯನ್ನೇ ಏಕೆ ತೆಗೆದುಕೊಂಡೆನೆಂದರೆ, ಮೊದಲನೆಯದು ಅಳು ನಿಲ್ಲಿಸುವುದರಲ್ಲೂ ಅಕ್ಷರ ತಿದ್ದುವುದರಲ್ಲೂ ಕಳೆಯುತ್ತದೆ. ಮೂರನೆಯದರಲ್ಲಿ ಪಾಠಗಳು ಓಡತೊಡಗುತ್ತವೆ. ನಡುವಿನ ಈ ಒಂದು ವರ್ಷದಲ್ಲಿಯೇ ಮಗು ನಾಲ್ಕು ಸಾಲಿನ ಕಥೆಯನ್ನು ತಾನಾಗಿ ಓದಬೇಕು, ಎರಡಂಕಿಯ ಸಂಖ್ಯೆಗಳನ್ನು ಕೂಡಿಸಿ ಕಳೆಯಬೇಕು, ಎರಡರ, ಮೂರರ, ಐದರ ಮಗ್ಗಿ ಕಲಿಯಬೇಕು, ಗಡಿಯಾರ ನೋಡಬೇಕು. ಇಲ್ಲಿ ಹಿಂದೆ ಉಳಿದ ಮಗು ಮುಂದೆ ಕೂಡಿಕೊಳ್ಳುವುದು ಕಷ್ಟ. 2005ರಿಂದ ನಡೆದುಬಂದಿರುವ ‘ಅಸರ್’ ಸಮೀಕ್ಷೆಯವರು ನಮ್ಮ ಹಳ್ಳಿಗಳ ಮಕ್ಕಳ ಕೈಗೆ ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಪಾಠವನ್ನು ಕೊಟ್ಟು ಓದಿಸುತ್ತಾರೆ. 2024ರಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಓದಲಾರದೆ ಹೋದರು. ಎಂದರೆ, ಅವರು ಎರಡನೆಯ ಇಯತ್ತೆಯಿಂದ ದಾಟಿಬಂದರು. ಎರಡನೆಯ ಇಯತ್ತೆಯನ್ನು ಮುಗಿಸಲಿಲ್ಲ.

ಹಾಗಾದರೆ ನನ್ನ ಪ್ರಶ್ನೆ ಇದು: ಶಿಕ್ಷಕಿ ತನ್ನ ವೇಳೆಯನ್ನು ಮಕ್ಕಳಿಗೆ ಹೇಗೆ ಹಂಚಬೇಕು? ಎಲ್ಲರಿಗೂ ಸಮನಾಗಿಯೋ, ಬೇಕಾದವರಿಗೆ ಹೆಚ್ಚಾಗಿಯೋ?

ಮೊದಲು ಲೆಕ್ಕ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ಕೆಲಸದ ದಿನಗಳು, 800 ಗಂಟೆಗಳ ಪಾಠ, ಸ್ಥೂಲವಾಗಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು. 800 ಗಂಟೆ ಎಂದರೆ 48,000 ನಿಮಿಷ. ಮೂವತ್ತರಿಂದ ಭಾಗಿಸಿದರೆ ಮಗುವೊಂದಕ್ಕೆ 1,600 ನಿಮಿಷ. ದಿನಕ್ಕೆ ಎಂಟು ನಿಮಿಷ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಆರೇ ನಿಮಿಷ. ಪಾಠವೇನೋ ಎಲ್ಲರಿಗೂ ಒಟ್ಟಿಗೆ ನಡೆಯುತ್ತದೆ, ನಿಜ. ಆದರೆ ತಪ್ಪುಗಳು ಒಟ್ಟಿಗೆ ಆಗುವುದಿಲ್ಲ, ಅವು ಒಬ್ಬೊಬ್ಬರವು.

ನಾನು ಸರಕಾರಿ ಗುಮಾಸ್ತ. ಸಮಪಾಲಿನ ಕಡೆಗೆ ನನಗೆ ಸಹಜವಾದ ಒಲವು ಉಂಟು. ಕೌಂಟರಿನ ಮುಂದಿನ ಸಾಲಿನಲ್ಲಿ ಮೊದಲು ಬಂದವನಿಗೆ ಮೊದಲು ಎಂಬ ನಿಯಮ ಒಣ ನಿಯಮವೇ ಇರಬಹುದು. ಆದರೆ ಪರಿಚಯವಿಲ್ಲದ, ಶಿಫಾರಸು ತಾರದ ಬಡವನಿಗೆ ಅದೊಂದೇ ಆಸರೆ. ‘ಇವರದು ಸ್ವಲ್ಪ ಅವಸರ’ ಎಂದು ಒಬ್ಬನನ್ನು ಮುಂದೆ ಬಿಟ್ಟ ದಿನ, ಅವಸರ ಯಾರದು ಎಂದು ನಿಶ್ಚಯಿಸುವ ಅಧಿಕಾರವೂ ಕೌಂಟರಿನವನ ಕೈಗೆ ಬಂದುಬಿಡುತ್ತದೆ. ತರಗತಿಯಲ್ಲೂ ಇದು ಸುಳ್ಳಲ್ಲ. ಶಿಕ್ಷಕಿಯನ್ನು ಅವರ ಪಾಡಿಗೆ ಬಿಟ್ಟರೆ ಅವರ ಗಮನ ತಾನಾಗಿ ಹರಿಯುವುದು ಕೈಯೆತ್ತುವ ಮಗುವಿನ ಕಡೆಗೆ, ಇಸ್ತ್ರಿ ಬಟ್ಟೆಯ ಮಗುವಿನ ಕಡೆಗೆ, ಪಟಪಟನೆ ಉತ್ತರ ಕೊಡುವ ಮಗುವಿನ ಕಡೆಗೆ. ನೀರು ಇಳಿಜಾರಿಗೆ ಹರಿದಂತೆ. ಇದಕ್ಕಿಂತ ಎಂಟೆಂಟು ನಿಮಿಷದ ಪಾಲೇ ಎಷ್ಟೋ ಮೇಲು.

ಆದರೆ ಸಮಪಾಲಿನ ನಿಯಮ ಒಂದು ಸಣ್ಣ ಲೆಕ್ಕದ ಮುಂದೆ ಸೋಲುತ್ತದೆ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಬೇಕು. ಗೀತಾ ಎಂಬ ಹುಡುಗಿ 25 ಎಂದು ಬರೆದಳು ಎನ್ನೋಣ. ಒಂದು ಕೆಂಪು ಗೆರೆ ಎಳೆದು ‘ಸರಿ’ ಹಾಕಲು ಎರಡು ಸೆಕೆಂಡು ಸಾಕು. ರಾಮು 35 ಎಂದು ಬರೆದ. ಅದಕ್ಕೊಂದು ಕಾಟು ಹೊಡೆಯಲೂ ಎರಡೇ ಸೆಕೆಂಡು. ಆದರೆ ‘ಹೇಗೆ ಮಾಡಿದೆ, ಹೇಳು ನೋಡೋಣ’ ಎಂದು ಕೇಳಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಅವನು ಏಳರಲ್ಲಿ ಎರಡು ಕಳೆದ. ‘ದೊಡ್ಡದರಿಂದ ಸಣ್ಣದನ್ನು ಕಳೆ’ ಎಂದು ಹೋದ ವರ್ಷ ಹೇಳಿಕೊಟ್ಟದ್ದನ್ನೇ ಅವನು ಶ್ರದ್ಧೆಯಿಂದ ಪಾಲಿಸಿದ್ದಾನೆ. ಇದು ದಡ್ಡತನವೂ ಅಲ್ಲ, ಅಜಾಗರೂಕತೆಯೂ ಅಲ್ಲ. ಅವನನ್ನು ಬಳಿ ಕೂರಿಸಿಕೊಂಡು, ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು, ಒಂದು ಕಟ್ಟಿನ ರಬ್ಬರ್ ಬ್ಯಾಂಡು ಬಿಚ್ಚಿಸಿ, ಹನ್ನೆರಡು ಬಿಡಿಯಲ್ಲಿ ಏಳನ್ನು ಅವನ ಕೈಯಿಂದಲೇ ತೆಗೆಸಬೇಕು. ಇದಕ್ಕೆ ಹತ್ತು ನಿಮಿಷವಾದರೂ ಬೇಕು. ಅವನ ಪಾಲಿನ ಎಂಟು ನಿಮಿಷ ಮುಗಿದು ಎರಡು ನಿಮಿಷ ಸಾಲವಾಯಿತು. ಆ ಎರಡು ನಿಮಿಷ ಬಂದದ್ದು ಗೀತಾಳ ಪಾಲಿನಿಂದ.

ಅರಿಸ್ಟಾಟಲನು ಮೈಲೋ ಎಂಬ ಜಟ್ಟಿಯ ಉದಾಹರಣೆ ಕೊಡುತ್ತಾನೆ. ಮೈಲೋಗೆ ಕಡಿಮೆಯಾಗುವ ಊಟ ಗರಡಿಗೆ ಈಗತಾನೆ ಬಂದ ಹುಡುಗನಿಗೆ ಅತಿಯಾಗುತ್ತದೆ. ಇಬ್ಬರ ಎಲೆಗೂ ಒಂದೇ ಅಳತೆಯಲ್ಲಿ ಬಡಿಸಿದರೆ ಒಬ್ಬನು ಹಸಿದೇಳುತ್ತಾನೆ, ಇನ್ನೊಬ್ಬನಿಗೆ ಅಜೀರ್ಣ. ಅಳತೆ ಒಂದೇ ಆದ ಮಾತ್ರಕ್ಕೆ ಹಂಚಿಕೆ ಸರಿಯಾಗಲಿಲ್ಲ.

ಇರಲಿ, ಈ ಮಾತು ಅರಿಸ್ಟಾಟಲನಿಗೆ ಒಪ್ಪಿಗೆ, ನನಗೂ ಒಪ್ಪಿಗೆ. ಏಳು ವರ್ಷದ ಗೀತಾಳಿಗೆ ಒಪ್ಪಿಗೆಯಾಗುವುದೇ? ‘ಅವನ ಹತ್ತಿರ ಮಾತ್ರ ಯಾಕೆ ಕೂತ್ಕೊಂಡ್ರಿ?’ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ನ್ಯಾಯಾನ್ಯಾಯದ ತಿಳಿವಳಿಕೆಯನ್ನು ಕುರಿತು 1932ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರು ಕಂಡಂತೆ ಏಳೆಂಟು ವರ್ಷದವರೆಗೆ ದೊಡ್ಡವರು ಹೇಳಿದ್ದೇ ನ್ಯಾಯ. ಅಲ್ಲಿಂದ ಮುಂದೆ ಹನ್ನೊಂದರವರೆಗೆ ಎಲ್ಲರಿಗೂ ಒಂದೇ ಎಂಬುದು ನ್ಯಾಯ. ಆಮೇಲೆ ಅವರವರ ಸ್ಥಿತಿಗತಿಯನ್ನು ನೋಡಿ ಕೊಡುವ ನ್ಯಾಯ. ವಯಸ್ಸಿನ ಈ ಗಡಿಗಳು ಅಷ್ಟು ಕಟ್ಟುನಿಟ್ಟಾದವಲ್ಲ, ಇನ್ನೂ ಚಿಕ್ಕ ಮಕ್ಕಳೂ ಇತರರ ಅಗತ್ಯವನ್ನು ಗಣಿಸಬಲ್ಲರು ಎಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಅಂತೂ ನಮ್ಮ ಎರಡನೆಯ ಇಯತ್ತೆಯ ಮಗು ‘ಟೀಚರ್ ಹೇಳಿದ್ದೇ ಸರಿ’ ಎಂಬುದನ್ನು ಬಿಟ್ಟು ‘ಎಲ್ಲರಿಗೂ ಒಂದೇ’ ಎಂಬಲ್ಲಿಗೆ ಕಾಲಿಡುತ್ತಿರುವ ಮಗು. ಆಗಲೇ ಶಿಕ್ಷಕಿ ಒಬ್ಬನ ಬಳಿ ಹೆಚ್ಚು ಹೊತ್ತು ಕೂರುವುದನ್ನು ಅದು ನೋಡುತ್ತದೆ. ಕಾರಣ ತಿಳಿಸದಿದ್ದರೆ ಅದು ಕಲಿಯುವುದು ನ್ಯಾಯವನ್ನಲ್ಲ, ಮುಖ ನೋಡಿ ಮಣೆ ಹಾಕುವುದನ್ನು.

ಆದುದರಿಂದ ನನಗೆ ತೋರುವ ಒರೆಗಲ್ಲು ಇದು: ಯಾವ ಅಸಮಾನತೆಯ ಕಾರಣವನ್ನು ಇಡೀ ತರಗತಿಯ ಮುಂದೆ, ಯಾರ ತಲೆಯೂ ತಗ್ಗದಂತೆ, ಬಾಯಿಬಿಟ್ಟು ಹೇಳಬಹುದೋ ಅದು ನ್ಯಾಯ. ಹೇಳಲಾಗದ್ದು ಪಕ್ಷಪಾತ. ‘ರಾಮು ಮಂದ, ಅದಕ್ಕೇ ಅವನ ಬಳಿ ಕೂರುತ್ತೇನೆ’ ಎಂದರೆ ಅದು ಕಾರಣವಲ್ಲ, ಬೈಗುಳ. ‘ಈ ಕಳೆಯುವ ಲೆಕ್ಕ ಅವನಿಗೆ ಇನ್ನೂ ಹತ್ತಿಲ್ಲ, ನಿನಗೆ ಓದುವಾಗ ತೊಡಕಾದರೆ ನಿನ್ನ ಬಳಿಯೂ ಹೀಗೆಯೇ ಕೂರುತ್ತೇನೆ’ ಎಂದರೆ ಗೀತಾಳಿಗೆ ಅರ್ಥವಾಗುತ್ತದೆ. ಈ ಮಾತಿನಲ್ಲಿ ಒಂದು ವಾಗ್ದಾನವೂ ಇದೆ. ಅದನ್ನು ನಡೆಸಿಕೊಟ್ಟರೆ ಮಾತ್ರ ಹಂಚಿಕೆ ಸರಿಹೋಯಿತು. ಕಳೆಯುವ ಲೆಕ್ಕದಲ್ಲಿ ಪಕ್ಕದ ಮನೆಯಿಂದ ತಂದ ಹತ್ತನ್ನು ಹಿಂದಿರುಗಿಸುವುದಿಲ್ಲ, ಆದರೂ ಲೆಕ್ಕ ಸರಿ ಬರುತ್ತದೆ. ಮನುಷ್ಯರ ನಡುವೆ ಹಾಗಾಗದು. ಚುರುಕಾದ ಮಗುವಿನ ವೇಳೆಯೂ ವೇಳೆಯೇ. ಅದನ್ನು ದಿನವೂ ಸಂಬಳವಿಲ್ಲದ ಸಹಾಯಕ ಶಿಕ್ಷಕನನ್ನಾಗಿ ಮಾಡಿಕೊಳ್ಳುವುದೂ ಅನ್ಯಾಯ.

ಇನ್ನು ಹೊರನಾಡಿನ ನಮ್ಮ ಮಕ್ಕಳ ಮಾತು. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ. ಕಟ್ಟಡದ ಮೆಟ್ಟಿಲ ಮೇಲೆ ಹಿಂದಿ. ಶಾಲೆಯಲ್ಲಿ ಇಂಗ್ಲಿಷು, ಜೊತೆಗೆ ಮರಾಠಿ. ಕೂಡುವಾಗ ಮುಂದಿನ ಸಾಲಿಗೆ ಒಯ್ಯುವ ಅಂಕೆಗೆ ಅಜ್ಜಿ ‘ಕೈಯಲ್ಲಿ ಒಂದು’ ಎನ್ನುತ್ತಾಳೆ, ಮರಾಠಿಯವರು ‘ಹಾತ್ಚಾ’ ಎನ್ನುತ್ತಾರೆ, ಹಿಂದಿಯವರು ‘ಹಾಸಿಲ್’, ಇಂಗ್ಲಿಷಿನವರು ‘ಕ್ಯಾರಿ’. ಕೈ ಒಂದೇ, ಹೆಸರು ನಾಲ್ಕು. ಅಂಕೆಗಳಲ್ಲಿ ಬರೆದ ಲೆಕ್ಕವನ್ನು ಥಟ್ಟನೆ ಮಾಡುವ ಮಗು, ಅದನ್ನೇ ವಾಕ್ಯದಲ್ಲಿ ಕೊಟ್ಟರೆ ಮೂಕವಾಗುತ್ತದೆ. ಸುಮ್ಮನೆ ಕುಳಿತ ಮಗು ಗಲಾಟೆ ಮಾಡುವುದಿಲ್ಲ. ಆದ್ದರಿಂದ ಅದಕ್ಕೆ ‘ಬಹಳ ಶಾಂತ ಸ್ವಭಾವ’ ಎಂಬ ಶಿಫಾರಸು ಸಿಗುತ್ತದೆ, ಎಂಟು ನಿಮಿಷ ಸಿಗುವುದಿಲ್ಲ.

ಇದೇ ಮಗು ಇನ್ನೊಂದು ಕಡೆ ಮುಂದಿರುತ್ತದೆ ಎಂಬುದನ್ನೂ ಮರೆಯಬಾರದು. ಕನ್ನಡದಲ್ಲಿ ‘ಐವತ್ತೆರಡು’ ಎಂದರೆ ಐವತ್ತು ಮೊದಲು, ಎರಡು ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿಯ ‘ಬಾವನ್ನ’ದಲ್ಲಿ ಎರಡು ಮೊದಲು ಬರುತ್ತದೆ; ಕೇಳಿ ಬರೆಯುವಾಗ ಪುಟ್ಟ ಮಕ್ಕಳು 25 ಎಂದು ಬರೆಯುವ ಭಯವಿದೆ. 2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿಯು ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ಪನ್ನಾಸ್ ದೋನ್’ ಎಂಬಂತೆ ಓದುವ ಕ್ರಮವನ್ನು ತಂದಾಗ ದೊಡ್ಡ ಗದ್ದಲವೆದ್ದಿತು, ವಿಧಾನಸಭೆಯಲ್ಲೂ ಚರ್ಚೆಯಾಯಿತು. ಭಾಷೆಯ ಸೊಗಸು ಕೆಡುತ್ತದೆ ಎಂದರು ಕೆಲವರು. ಗಣಿತಜ್ಞೆ ಮಂಗಲಾ ನಾರಳೀಕರ್ ಅವರು ಮಕ್ಕಳಿಗೆ ಸುಲಭವಾಗುತ್ತದೆ ಎಂದು ಹೊಸ ಕ್ರಮವನ್ನು ಸಮರ್ಥಿಸಿದರು. ಎರಡೂ ಕಡೆ ಹುರುಳುಂಟು. ನನ್ನ ಮಟ್ಟಿಗೆ ಅದರಿಂದ ತಿಳಿಯಬೇಕಾದದ್ದು ಇಷ್ಟೆ: ‘ಹಿಂದುಳಿದ ಮಗು’ ಎಂಬುದೊಂದು ಜಾತಿಯಲ್ಲ. ಒಂದು ಪಾಠದಲ್ಲಿ ಹಿಂದೆ ಇದ್ದವನು ಇನ್ನೊಂದರಲ್ಲಿ ಮುಂದೆ ಇರುತ್ತಾನೆ. ಆದ್ದರಿಂದಲೇ ಸರದಿಯ ವಾಗ್ದಾನ ಬರಿಯ ಸಮಾಧಾನದ ಮಾತಲ್ಲ, ನಡೆಯಬಲ್ಲ ಮಾತು.

ಮುಂಬಯಿಯ ಕನ್ನಡಿಗರಿಗೆ ಇದು ಹೊಸದೂ ಅಲ್ಲ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಈ ಊರಿನಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲು ಶಾಲೆಯ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿತ್ತು. ಆದರೆ ಹಗಲೆಲ್ಲ ಕಪ್ಪುಬಸಿ ತೊಳೆಯುವವನಿಗೆ ಆ ಸಮಾನತೆಯಿಂದ ಏನು ಬಂತು? ಅವನ ವೇಳೆಗೆ ಶಾಲೆಯೇ ಬಂದಾಗ ಅವನು ಓದಿದ.

ಶಿಕ್ಷಕಿಯರಿಗೆ ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಪಾಲಕರಾದ ನಮ್ಮ ಪಾಲೂ ಇದರಲ್ಲಿದೆ. ಸಂಜೆ ಮಗು ಮನೆಗೆ ಬಂದೊಡನೆ ‘ಎಷ್ಟು ಮಾರ್ಕು? ಪಕ್ಕದ ಮನೆಯವನಿಗೆ ಎಷ್ಟು?’ ಎಂದು ನಾವು ವಿಚಾರಿಸುತ್ತೇವೆ. ಪಾಲಕರ ಸಭೆಯಲ್ಲಿ ‘ನನ್ನ ಮಗುವಿಗೆ ಗಮನ ಕೊಡಿ’ ಎಂದು ಪ್ರತಿಯೊಬ್ಬರೂ ಕೇಳುತ್ತೇವೆ. ಮೂವತ್ತು ಮಂದಿಯೂ ಅದನ್ನೇ ಕೇಳಿದರೆ ಶಿಕ್ಷಕಿಗೆ ಉಳಿಯುವುದು ಪುನಃ ಎಂಟೆಂಟು ನಿಮಿಷ. ‘ಈ ತಿಂಗಳು ನನ್ನ ಮಗಳಿಗೆ ಲೆಕ್ಕ ಬರುತ್ತಿದೆ, ಬಾರದವರ ಬಳಿ ಕುಳಿತುಕೊಳ್ಳಿ’ ಎಂದು ಹೇಳುವ ಒಬ್ಬ ತಂದೆ, ಒಬ್ಬ ತಾಯಿ ಪ್ರತಿ ತರಗತಿಗೂ ಬೇಕು. ಹೇಳುವುದು ಕಷ್ಟ, ಬಲ್ಲೆ. ಈ ಊರಿನಲ್ಲಿ ಲೋಕಲ್ ಗಾಡಿಯ ಮೂರನೆಯ ಸೀಟಿಗೆ ನಾಲ್ಕನೆಯವರಾಗಿ ಕುಳಿತೇ ಬದುಕಿದವರು ನಾವು. ಮೂವರು ಒಂದಿಷ್ಟು ಸರಿದುಕೊಂಡರೆಂದೇ ಆ ನಾಲ್ಕನೆಯವನಿಗೆ ಜಾಗವಾಯಿತು.

ಸಂಘಗಳು ಭಾನುವಾರ ನಡೆಸುವ ಕನ್ನಡ ತರಗತಿಗಳಲ್ಲಿ ಇದನ್ನು ನಾವೇ ಆರಂಭಿಸಬಹುದು. ಅಲ್ಲಿ ಇರುವುದು ವಾರಕ್ಕೆ ಒಂದೇ ಗಂಟೆ. ಮನೆಯಲ್ಲಿ ಕನ್ನಡವಾಡುವ ಮಗುವೂ ಬರುತ್ತದೆ, ‘ನೀರು’ ಎಂಬ ಪದಕ್ಕೂ ತಡವರಿಸುವ ಮಗುವೂ ಬರುತ್ತದೆ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಮೊದಲನೆಯದನ್ನೇ ನಿಲ್ಲಿಸುವುದು ನಮ್ಮ ವಾಡಿಕೆ. ಮುಂದಿನ ಭಾನುವಾರ ತಡವರಿಸುವ ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ನೋಡೋಣ. ಉಳಿದ ಮಕ್ಕಳು ಯಾಕೆಂದು ಕೇಳಿದರೆ ಕಾರಣ ಹೇಳೋಣ.